ಬಚ್ಚಣ್ಣನ ಅಂಗಳದಲ್ಲಿ ಒಂದು ಹನಿಯೂ ಬೀಳಲಿಲ್ಲ

ಬಚ್ಚಣ್ಣ ಗ್ಯಾರೇಜಿಗೆ ಕಾಲಿಡುವುದಿಲ್ಲ ಎಂದು ಶಪಥ ಮಾಡಿದ ಮೇಲೆ ನಮ್ಮ ಕೇರಿಯಲ್ಲಿ ಎಂಜಿನ್ ಆಯಿಲ್ ಬಗ್ಗೆ ತಿಳಿಯದವರು ಯಾರೂ ಉಳಿಯಲಿಲ್ಲ. ಎಣ್ಣೆ ಯಾವಾಗ ಕಪ್ಪಾಗುತ್ತದೆ, ಯಾವಾಗ ತೆಳುವಾಗುತ್ತದೆ, ಬೆರಳಿಗೆ ಹಚ್ಚಿ ಉಜ್ಜಿದರೆ ಹೇಗಿರಬೇಕು, ಎಲ್ಲ ಹೇಳುತ್ತಿದ್ದ. ಕೇಳದಿದ್ದವರಿಗೂ ಹೇಳುತ್ತಿದ್ದ. ಪಕ್ಕದ ಮನೆಯವನಾದ್ದರಿಂದ ನನಗೆ ದಿನಕ್ಕೆರಡು ಸಲ ಹೇಳುತ್ತಿದ್ದ. ನನ್ನ ಹತ್ತಿರ ಗಾಡಿಯೇ ಇಲ್ಲ. ಹೆದ್ದಾರಿ ಬದಿಯಲ್ಲಿ ಬೊಂಡದ ಅಂಗಡಿ ಇಟ್ಟುಕೊಂಡವನು ನಾನು. ಎಳನೀರಿನ ವಿಷಯದಲ್ಲಿ ಏನಾದರೂ ಕೇಳಿದರೆ ಹೇಳಬಲ್ಲೆ.

ಬಚ್ಚಣ್ಣ ದೋಣಿಯ ಮನುಷ್ಯ. ಮರವಂತೆಯ ದಂಡೆಯಲ್ಲಿ ಅಪ್ಪನ ದೋಣಿ, ಆಮೇಲೆ ಅವನ ದೋಣಿ. ನಡುವೆ ಕೆಲವು ವರ್ಷ ಮುಂಬೈಯ ಕ್ಯಾಂಟೀನಿನಲ್ಲಿ ಲೋಟ ತೊಳೆದು, ಅಲ್ಲಿಯ ಸೇಟನ ಜತೆ ಜಗಳ ಮಾಡಿ, ಮತ್ತೆ ದೋಣಿಗೇ ಬಂದ. ಒಂದು ಮಳೆಗಾಲ ಕಡಲು ಕೊರೆಯುತ್ತಾ ಬಂದು ದೋಣಿ ಇಡುವ ಕೊಟ್ಟಿಗೆಯನ್ನೂ ದೋಣಿಯನ್ನೂ ಒಟ್ಟಿಗೇ ಒಯ್ದಿತು. ಉಳಿದದ್ದು ನಾಲ್ಕು ಹಲಗೆ. ಆಮೇಲೆ ಹಳೆಯ ಓಮ್ನಿಯೊಂದನ್ನು ತೆಗೆದುಕೊಂಡ. ಬೆಳಿಗ್ಗೆ ಗಂಗೊಳ್ಳಿ ಬಂದರಿನಿಂದ ಮೀನು ಮಾರುವ ಹೆಂಗಸರನ್ನೂ ಅವರ ಬುಟ್ಟಿಗಳನ್ನೂ ತುಂಬಿಕೊಂಡು ನಾವುಂದ, ಕಿರಿಮಂಜೇಶ್ವರ, ನಾಗೂರಿನವರೆಗೆ ಇಳಿಸುತ್ತಾ ಹೋಗುವುದು ಅವನ ಕೆಲಸವಾಯಿತು.

ಕೆಲಸ ಬದಲಾಯಿತೇ ಹೊರತು ಮನುಷ್ಯ ಬದಲಾಗಲಿಲ್ಲ. ಗಾಡಿಗೆ ಮೊದಲ ದಿನ ಹೂವಿನ ಮಾಲೆ ಹಾಕಿದ್ದು ದೋಣಿಯ ಮೂತಿಗೆ ಹಾಕುವಂತೆ ಬಂಪರಿಗೆ. ಎಡ ಬಾಗಿಲು, ಬಲ ಬಾಗಿಲು ಎಂಬುದು ಅವನಿಗೆ ಇಲ್ಲ. ಕಡಲ ಬದಿ ಬಾಗಿಲು, ಹೊಳೆ ಬದಿ ಬಾಗಿಲು. ಗಾಡಿ ತಿರುಗಿಸಿ ನಿಲ್ಲಿಸಿದರೆ ಬಾಗಿಲಿನ ಹೆಸರೂ ತಿರುಗುತ್ತಿತ್ತು. ಹೆಂಗಸರು ಪಾಪ, ಕಡಲು ಎತ್ತ ಇದೆ ಎಂದು ನೋಡಿಕೊಂಡು ಇಳಿಯುತ್ತಿದ್ದರು.

ಶಪಥದ ಕತೆ ಹೀಗೆ. ಕಿರಿಮಂಜೇಶ್ವರದಲ್ಲಿ ಹೆದ್ದಾರಿಗೆ ತಾಗಿ ಯತೀಶ ಎಂಬ ಹುಡುಗನ ಗ್ಯಾರೇಜು. ನಮ್ಮವರೇ, ಒಳ್ಳೆ ಕೆಲಸಗಾರ. ಒಂದು ದಿನ ಬಚ್ಚಣ್ಣನ ಗಾಡಿ ಕೆಮ್ಮುತ್ತಾ ಅಲ್ಲಿ ನಿಂತಿತು. ಯತೀಶ ಎಣ್ಣೆ ನೋಡುವ ಕಡ್ಡಿ ಎಳೆದು ಬಿಸಿಲಿಗೆ ಹಿಡಿದ.

"ಬಚ್ಚಣ್ಣ, ಇದ್ ಎಣ್ಣಿ ಅಲ್ಲ ಮರ್ರೆ, ಡಾಂಬರ್. ಇದನ್ನ್ ಇನ್ನ್ ರಸ್ತೆಗೇ ಹಾಕೂಕ್ ಆತ್ತ್."

ಹುಡುಗ ತಮಾಷೆಗೆ ಹೇಳಿದ್ದು. ಆದರೆ ಗಾಡಿಯೊಳಗೆ ಹರಿಣಾಕ್ಷಿ ಕೂತಿದ್ದಳು. ಹರಿಣಾಕ್ಷಿ ಮೀನು ಮಾರಲು ಕೂಗಿದರೆ ಮೂರು ಕೇರಿಗೆ ಕೇಳುತ್ತದೆ, ನಕ್ಕರೆ ನಾಲ್ಕು ಕೇರಿಗೆ. ಅವಳು ನಕ್ಕಳು.

"ಈ ಗ್ಯಾರೇಜಿನ್ ನೆಲ ಇನ್ನ್ ನನ್ ಕಾಲ್ ಮೆಟ್ಟಿದ್ರೆ ನಾನ್ ಬಚ್ಚ ಅಲ್ಲ" ಎಂದು ಹೇಳಿ ಬಚ್ಚಣ್ಣ ಕೆಮ್ಮುವ ಗಾಡಿಯನ್ನು ಹಾಗೇ ಓಡಿಸಿಕೊಂಡು ಬಂದ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮಳೆಗಾಲ ಕಳೆಯುವಷ್ಟರಲ್ಲಿ ಮಗಳು ನವ್ಯಾ, ಮದುವೆಯಾದರೆ ಯತೀಶನನ್ನೇ ಎಂದಳು. ಜಾತಿ ಸರಿ, ಮನೆ ಸರಿ, ಹುಡುಗ ಕುಡಿಯುವುದಿಲ್ಲ. ಬೇಡ ಎನ್ನಲು ಬಚ್ಚಣ್ಣನ ಹತ್ತಿರ ಇದ್ದ ಕಾರಣ ಒಂದೇ, ಡಾಂಬರು. ಅದನ್ನು ಹಿರಿಯರ ಮುಂದೆ ಹೇಳಲು ಬಾಯಿ ಬರಲಿಲ್ಲ. ಮದುವೆ ದಿನ ಅವನಿಗೆ ಜ್ವರ ಬಂತು. ಮಾರನೇ ದಿನ ಬಿಟ್ಟಿತು.

ಮದುವೆಯಾದ ವರ್ಷದ ದೀಪಾವಳಿಗೆ ಅಳಿಯನನ್ನು ಕರೆದು, ಮಣೆ ಮೇಲೆ ಕೂರಿಸಿ, ತಲೆಗೆ ಎಣ್ಣೆ ಹಾಕಿ ಮೀಯಿಸಬೇಕು. ಕರೆಯಲು ಮಾವನೇ ಅವರ ಮನೆಗೆ ಹೋಗಬೇಕು. ಮನೆ ಇರುವುದು ಗ್ಯಾರೇಜಿನ ಹಿಂದೆ. ನೆಲ ಮೆಟ್ಟದೆ ಹೋಗುವುದು ಹೇಗೆ? ನವ್ಯಾ ಮಾತ್ರ ಅಪ್ಪನ ಮಗಳೇ. "ಅಪ್ಪಯ್ಯ ಬಂದ್ ಕರೀಲಿ, ಇಬ್ರೂ ಬತ್ತ್. ಇಲ್ದಿರೆ ಇಬ್ರೂ ಇಲ್ಲೆ" ಎಂದು ತಾಯಿಗೆ ಫೋನಿನಲ್ಲಿ ಹೇಳಿದಳು. ಆ ವರ್ಷ ಬಚ್ಚಣ್ಣನ ಹೆಂಡತಿ ರತ್ನಕ್ಕ ಎರಡು ಮಣೆ ತೊಳೆದು ಇಟ್ಟಳು. ಒಂದರ ಮೇಲೆ ಬೆಕ್ಕು ಮಲಗಿತ್ತು, ಇನ್ನೊಂದು ಖಾಲಿ.

ಗ್ಯಾರೇಜು ಬಿಟ್ಟವನು ಎಣ್ಣೆ ಬದಲಾಯಿಸಲೇಬೇಕಲ್ಲ. ಮನೆಯಲ್ಲೇ ಶುರು ಮಾಡಿದ. ಮೊದಲ ಸಲ ಕಪ್ಪೆಣ್ಣೆ ಅಂಗಳದಲ್ಲಿ ಹರಿದು, ರತ್ನಕ್ಕ ಒಣಹಾಕಿದ್ದ ಮೀನಿನ ಚಾಪೆಯ ಅಡಿಗೆ ಹೋಗಿ ಸೇರಿತು. ಆ ಮಳೆಗಾಲ ಅವರ ಮನೆಯಲ್ಲಿ ಒಣಮೀನಿನ ಚಟ್ನಿ ಇಲ್ಲ. ರತ್ನಕ್ಕನ ಮಾತೂ ಬಹಳ ದಿನ ಇರಲಿಲ್ಲ.

ಹೀಗಾಗಿ ಎರಡು ಸಾವಿರದ ಎಂಟರ ದೀಪಾವಳಿಗೆ, ನೀರು ತುಂಬುವ ಹಬ್ಬದ ದಿನ ಬೆಳಿಗ್ಗೆ, ಬಚ್ಚಣ್ಣ ಮತ್ತೆ ಸ್ಪ್ಯಾನರ್ ಹಿಡಿದು ಹೊರಟಾಗ ನಾನೂ ಜಗಲಿಯಲ್ಲಿ ಹೋಗಿ ಕೂತೆ. ಇಂಥದ್ದನ್ನು ಬಿಟ್ಟು ಬೊಂಡ ಮಾರುವವನು ಯಾರು?

ರತ್ನಕ್ಕ ಮಳೆ ಬಿಟ್ಟ ಮೇಲೆ ಅಂಗಳ ಬಡಿದು, ಗಟ್ಟಿಮಾಡಿ, ಹಿಂದಿನ ದಿನವಷ್ಟೇ ಸೆಗಣಿ ಬಳಿದಿದ್ದಳು. ಅನ್ನ ಹಾಕಿಕೊಂಡು ಉಣ್ಣಬಹುದು, ಹಾಗಿತ್ತು.

"ಹ್ವಾಯ್, ಕಾಣಿ" ಎಂದಳು. "ಒಂದ್ ಹನಿ ಎಣ್ಣಿ ಬಿದ್ರೆ ನೀವೂ ನಿಮ್ ಗಾಡಿಯೂ ಹಬ್ಬ ಮುಗೂವರೆಗೆ ರಸ್ತೆ ಬದಿಯೇ."

"ಬೀಳೂದಿಲ್ಲೆ. ಕಡ್ಲ್ ನೀರನ್ನೇ ದೋಣಿ ಒಳ್ಗ್ ಬಿಡ್ದಿದ್ದವ ನಾನ್."

"ಕಡ್ಲ್ ನೀರ್ ಬಿದ್ರೆ ಒಣಗತ್ತ್. ಅಲ್ಲ, ಅಳಿಯನ್ ಗ್ಯಾರೇಜ್ ಇಪ್ಪತಿಗೆ ಮನ್ಯಗೆ ಎಂತಕೆ ಈ ರಗಳೆ?"

"ಯಾರ್ ಅಳಿಯ? ಡಾಂಬರ್ ಕಂತ್ರಾಟುದಾರ ಒಬ್ಬ ಇದ್ದ, ನಂಗ್ ಗೊತ್ತಿತ್ತ್."

ರತ್ನಕ್ಕ ಹಂಡೆಗೆ ಹುಣಸೆಹಣ್ಣು ಉಜ್ಜಲು ಹೋದಳು. ಆ ಉಜ್ಜುವ ಸದ್ದಿನಲ್ಲೇ ಎಲ್ಲ ಬೈಗುಳವೂ ಇತ್ತು.

ಈ ಸಲ ಬಚ್ಚಣ್ಣ ಮಾಡಿದ ತಯಾರಿ ನೋಡಬೇಕಿತ್ತು, ನಮ್ಮಲ್ಲಿ ಕೆಲವರು ಮದುವೆಗೂ ಅಷ್ಟು ಮಾಡುವುದಿಲ್ಲ. ಕೆಂಪುಕಲ್ಲಿಟ್ಟು, ದೋಣಿಯದ್ದು ಉಳಿದ ಹಲಗೆಗಳನ್ನು ಇಳಿಜಾರಾಗಿ ಹಾಕಿ, ಗಾಡಿಯ ಮುಂದಿನ ಚಕ್ರ ಹತ್ತಿಸಿದ. ಹಿಂದಿನ ಚಕ್ರಕ್ಕೆ ಅಡ್ಡ ಕಲ್ಲು. ಅಡಿಯಲ್ಲಿ ಹಳೆಯ ಫ್ಲೆಕ್ಸ್ ಹಾಸಿದ. ಅದರಲ್ಲಿ ಯಾವುದೋ ಯುವಕ ಮಂಡಲದ ಅಧ್ಯಕ್ಷ ಕೈಮುಗಿದು ಊರಿಗೆಲ್ಲ ಹಬ್ಬದ ಶುಭಾಶಯ ಹೇಳುತ್ತಿದ್ದ. ಅವನ ಸುತ್ತ ದಂಡೆಯ ಮರಳಿನಿಂದ ಒಂದು ಕಟ್ಟೆ. ಕಟ್ಟೆಯೊಳಗೆ, ಸರಿಯಾಗಿ ಅಧ್ಯಕ್ಷನ ಹೊಟ್ಟೆ ಮೇಲೆ, ಪಕ್ಕ ಕತ್ತರಿಸಿ ಬೋಗುಣಿ ಮಾಡಿದ ಎಣ್ಣೆ ಕ್ಯಾನು. ಕೊನೆಗೆ ಒಂದು ಗೋಣಿಚೀಲ ಒದ್ದೆ ಮಾಡಿ ಗಾಡಿಯ ಕಡಲ ಬದಿಗೆ ಪರದೆಯಂತೆ ಕಟ್ಟಿದ.

"ಅದ್ ಎಂತಕೆ?" ಎಂದೆ.

"ಎಣ್ಣಿ ಕಡೀಗ್ ನೂಲಿನಂಗೆ ಇಳೀತ್ತ್ ಸೋಮ. ಆಗ ಗಾಳಿ ಬಂದ್ ಆಚೆಗ್ ಹಾರಿಸ್ತ್. ಹೋದ್ ಸಲ ಹಾಂಗೇ ಆದ್ದ್. ಗಾಳಿ ವಿಷಯ ನಂಗ್ ಹೇಳಿಕೊಡ್ಬ್ಯಾಡ."

ನಾನು ಹೇಳಿಕೊಡಲು ಹೋಗಿರಲೇ ಇಲ್ಲ. ಆದರೂ ಒಪ್ಪಿಕೊಳ್ಳಬೇಕು, ಆ ಗೋಣಿಚೀಲ ಒಳ್ಳೆ ಬುದ್ಧಿ.

ಎಂಜಿನ್ನನ್ನು ಸ್ವಲ್ಪ ಹೊತ್ತು ಓಡಿಸಿ ಬೆಚ್ಚಗೆ ಮಾಡಿದ. ಬೆಚ್ಚಗಿದ್ದರೆ ಎಣ್ಣೆ ತೆಳುವಾಗಿ ಪೂರ್ತಿ ಇಳಿಯುತ್ತದಂತೆ, ತೀರಾ ಬಿಸಿಯಾದರೆ ಕೈ ಬೇಯುತ್ತದಂತೆ. ಅಡಿಗೆ ನುಸುಳಿ, ಕೆಳಗಿನ ಬೋಲ್ಟನ್ನು ಸಡಿಲಿಸಿ, ಕೊನೆಯ ಸುತ್ತಿನವರೆಗೂ ಅದನ್ನು ಮೇಲಕ್ಕೆ ಒತ್ತಿಯೇ ಹಿಡಿದ. ಆಮೇಲೆ ಚಕ್ಕನೆ ಕೈ ತೆಗೆದ. ಕಪ್ಪೆಣ್ಣೆ ಬಳಬಳನೆ ಬೋಗುಣಿಗೇ ಬಿತ್ತು. ಅಧ್ಯಕ್ಷನ ಮುಖಕ್ಕೆ ಒಂದು ಸಿಡಿತವೂ ಇಲ್ಲ. ಬಚ್ಚಣ್ಣ ಗಾಡಿಯಡಿಯಿಂದಲೇ, "ಕಂಡ್ಯಾ?" ಎಂದು ಕೂಗಿದ.

ಹಳೆ ಎಣ್ಣೆಯನ್ನು ಆಗಲೇ ಒಂದು ಡಬ್ಬಿಗೆ ಸುರಿದು ನನಗೆ ಕೊಟ್ಟ. ಅಂಗಡಿಯ ಕಂಬಗಳಿಗೆ ಬಳಿದರೆ ಒರಲೆಹುಳ ಹಿಡಿಯುವುದಿಲ್ಲ ಎಂದು ನಾನೇ ಕೇಳಿದ್ದು. ಡಬ್ಬಿ ಒಯ್ದು ಅಂಗಡಿಯಲ್ಲಿಟ್ಟು ಬರುವಷ್ಟರಲ್ಲಿ ಬಚ್ಚಣ್ಣ ನಾಲ್ಕು ಕಾಲಲ್ಲಿ ಅಂಗಳವೆಲ್ಲ ಹುಡುಕುತ್ತಿದ್ದ.

ಬೋಲ್ಟಿನ ತಲೆಗೆ ಒಂದು ಸಣ್ಣ ವಾಶರ್ ಇರುತ್ತದೆ. ಅದು ಕುಂಡೆಯೂರಿ ಕೂತರೆ ಮಾತ್ರ ಎಣ್ಣೆ ಹೊರಗೆ ಬರುವುದಿಲ್ಲ. ಆ ವಾಶರ್ ಇಲ್ಲ. ಫ್ಲೆಕ್ಸ್ ಕೊಡವಿದ, ಮರಳು ಜಾಲಿಸಿದ, ನನ್ನ ಮೇಲೂ ಒಮ್ಮೆ ಸಂಶಯದಿಂದ ನೋಡಿದ. ನನಗೆ ಸಿಟ್ಟು ಬಂತು. ವಾಶರ್ ಕದ್ದು ನಾನು ಬೊಂಡಕ್ಕೆ ಹಾಕಲಾ? ಅದು ಎಣ್ಣೆಯೊಟ್ಟಿಗೆ ಜಾರಿ, ನನ್ನ ಡಬ್ಬಿಯ ತಳದಲ್ಲಿ ಮಲಗಿದ್ದು ನಮಗಿಬ್ಬರಿಗೂ ಗೊತ್ತಿರಲಿಲ್ಲ. ಹಬ್ಬವೆಲ್ಲ ಕಳೆದು ಕಂಬಕ್ಕೆ ಬಳಿಯುವಾಗ ಸಿಕ್ಕಿತು.

ತ್ರಾಸಿಯ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹಬ್ಬದ ರಜೆ. ಹತ್ತಿರದಲ್ಲಿ ವಾಶರ್ ಸಿಗುವ ಜಾಗ ಇನ್ನೊಂದೇ.

"ಯತೀಶನ್ ಹತ್ರ ಇರತ್ತ್" ಎಂದೆ.

ಬಚ್ಚಣ್ಣ ಎದ್ದು ಒಳಗೆ ಹೋದ. ಬರುವಾಗ ಕೈಯಲ್ಲಿ ದೋಣಿಯ ಹಲಗೆಗಳ ಸಂದಿಗೆ ಬಡಿಯುವ ಹತ್ತಿದಾರ, ರಾಳದ ಉಂಡೆ. ಅಪ್ಪನ ಕಾಲದಿಂದ ಇದ್ದದ್ದು. ರಾಳ ಕರಗಿಸಿ, ದಾರಕ್ಕೆ ಹಚ್ಚಿ, ಬೋಲ್ಟಿನ ಕುತ್ತಿಗೆಗೆ ಸುತ್ತಿ, ಬಿಗಿದ.

"ಬಚ್ಚಣ್ಣ, ಅದ್ ದೋಣಿಗ್ ಮಾಡೂದ್."

"ಇಡೀ ಕಡಲನ್ನ ಹೊರ್ಗ್ ನಿಲ್ಸಿದ್ ದಾರ ಮಾರಾಯ. ಮೂರ್ ಲೀಟರ್ ಎಣ್ಣಿ ಒಳ್ಗ್ ನಿಲ್ಸೂಕೆ ಇದ್ಕ್ ಆತ್ತಿಲ್ಲ್ಯಾ?"

ಹೊಸ ಎಣ್ಣೆಯನ್ನು ಬಾಳೆ ಎಲೆ ಸುರುಳಿಯಲ್ಲಿ ಹನಿಯೂ ಚೆಲ್ಲದಂತೆ ಹೊಯ್ದ. ಮಧ್ಯಾಹ್ನದವರೆಗೆ ಕಾದೆವು. ಬೋಲ್ಟು ಒಣಕಲು. ರತ್ನಕ್ಕ ಬಂದು, ಒಂದು ಬಿಳಿ ಬಟ್ಟೆ ಹಿಡಿದು ಗಾಡಿಯಡಿ ನೆಲವನ್ನೆಲ್ಲ ಒರೆಸಿ ನೋಡಿದಳು. ಬಟ್ಟೆಗೆ ಸೆಗಣಿಯ ಹಸಿರು ಬಿಟ್ಟರೆ ಏನೂ ಹತ್ತಲಿಲ್ಲ.

"ಸೈ" ಎಂದಳು. ಮದುವೆಯಾದ ಮೇಲೆ ಅವಳು ಗಂಡನನ್ನು ಹೊಗಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಸಂಜೆಗೆ ಹಂಡೆ ತೊಳೆದು ನೀರು ತುಂಬಿ, ಕೊರಳಿಗೆ ಬಳ್ಳಿ ಸುತ್ತಿದಳು. ಅಂಗಳದಲ್ಲಿ ರಂಗೋಲಿ ಹಾಕಿದಳು. ಆಮೇಲೆ ಎರಡು ಮಣೆ ತೊಳೆದು ಗೋಡೆಗೆ ಒರಗಿಸಿದಳು. ಬಚ್ಚಣ್ಣ ಆ ಮಣೆಗಳನ್ನೇ ನೋಡುತ್ತಾ ಸ್ವಲ್ಪ ಹೊತ್ತು ನಿಂತ.

"ಗಾಡಿ ಒಂದ್ ಸುತ್ತ್ ಓಡ್ಸಿ ಕಾಂತೆ. ತ್ರಾಸಿಗ್ ಹೋಯ್ ಅವಲಕ್ಕಿ ತತ್ತೆ" ಎಂದು ಹೇಳಿ ಹೊರಟ. ದೀಪ ಹಚ್ಚಿ ಆದ ಮೇಲೆ ಬಂದ. ಅವಲಕ್ಕಿ ಇರಲಿಲ್ಲ. ರಂಗೋಲಿ ಹಾಳಾಗುತ್ತದೆಂದು ಗಾಡಿಯನ್ನು ರಸ್ತೆ ಬದಿಯಲ್ಲೇ ನಿಲ್ಲಿಸಿದ.

ಬೆಳಿಗ್ಗೆ ಎಣ್ಣೆಸ್ನಾನ ಮುಗಿಸಿ, ದೋಸೆ ತಿಂದು, ನಾನು ಅಂಗಡಿ ತೆರೆಯಲು ಬಂದರೆ ನನ್ನ ಅಂಗಡಿಯೆದುರು ರಸ್ತೆಯಲ್ಲಿ ಎಣ್ಣೆಯ ಹನಿ. ಒಂದಲ್ಲ, ಸಾಲು. ಯಾವ ನಾಲಾಯಕ್ಕು ರಸ್ತೆಯೆಲ್ಲ ಸುರಿದುಕೊಂಡು ಹೋದನೋ, ಬೈಕಿನವರು ಜಾರಿ ಬಿದ್ದರೆ ಇವನಪ್ಪ ಬರುತ್ತಾನಾ ಎಂದು ಬೈಯುತ್ತಾ ಸಾಲು ಹಿಡಿದು ಹೋದೆ. ಅದು ಬಚ್ಚಣ್ಣನ ಗಾಡಿಯಡಿ ಮುಗಿಯಿತು. ಅಲ್ಲಿ ದೋಸೆಯಷ್ಟು ಅಗಲಕ್ಕೆ ಎಣ್ಣೆ ನಿಂತಿತ್ತು. ತೆಳ್ಳಗೆ, ಜೇನಿನ ಬಣ್ಣ. ಹೊಸ ಎಣ್ಣೆ.

ದೋಣಿಯ ಹತ್ತಿ ನೀರು ಕುಡಿದು ಉಬ್ಬಿ ಸಂದಿ ಮುಚ್ಚುತ್ತದೆ. ತಣ್ಣಗಿನ ಕಡಲಿನಲ್ಲಿ ರಾಳ ಕಲ್ಲಿನ ಹಾಗೆ ಕೂರುತ್ತದೆ. ಎಂಜಿನ್ನಿನಲ್ಲಿ ಕಡಲೆಲ್ಲಿದೆ? ಅಂಗಳದಲ್ಲಿ ತಣ್ಣಗಿದ್ದಷ್ಟು ಹೊತ್ತು ಮರ್ಯಾದೆಯಿಂದ ಇದ್ದ ರಾಳ, ರಸ್ತೆಗೆ ಹೋಗಿ ಬಿಸಿಯಾದೊಡನೆ ಕರಗಿದೆ.

ಆಗ ನನಗೆ ಇನ್ನೊಂದು ಹೊಳೆಯಿತು. ತ್ರಾಸಿ ಇರುವುದು ತೆಂಕಕ್ಕೆ. ಆ ಬದಿಯ ರಸ್ತೆ ತೊಳೆದಿಟ್ಟ ಹಾಗೆ ಇತ್ತು. ಹನಿಯ ಸಾಲು ಹೋದದ್ದೂ ಬಂದದ್ದೂ ಬಡಗಿನಿಂದ. ನಾವುಂದದ ಬದಿ, ಕಿರಿಮಂಜೇಶ್ವರದ ಬದಿ.

ನಾನು ಹಾಗೇ ನಿಂತಿದ್ದಾಗ ಬಡಗಿನಿಂದ ಒಂದು ಬೈಕು ನಿಧಾನಕ್ಕೆ ಬಂತು. ಓಡಿಸುವವನ ಕಣ್ಣು ರಸ್ತೆ ಮೇಲೇ. ಯತೀಶ. ಹಿಂದೆ ನವ್ಯಾ, ಹೊಸ ಸೀರೆ ಉಟ್ಟು.

"ಸೋಮಣ್ಣ" ಎಂದ ಯತೀಶ, ಬೈಕು ನಿಲ್ಲಿಸಿ. "ಬೆಳಿಗ್ಗೆ ಬಾಗ್ಲ್ ತೆಗ್ದ್ರೆ ಗ್ಯಾರೇಜಿನ್ ಎದುರಿಗೆ ತಟ್ಟೆಯಷ್ಟಗಲ ಎಣ್ಣಿ. ಹೊಸ ಎಣ್ಣಿ. ರಸ್ತೆ ಆಚೆ ಬದಿ ಇನ್ನೊಂದ್. ಯಾರೋ ಹೋಪತಿಗೂ ನಿಂತಿರ್, ತಿರ್ಗಿ ಬಪ್ಪತಿಗೂ ನಿಂತಿರ್. ಎಂಜಿನ್ ಬಂದ್ ಮಾಡ್ದೆ, ಸುಮಾರ್ ಹೊತ್ತ್."

"ಯಾರೋ ಅಂಬ್ರ್" ಎಂದಳು ನವ್ಯಾ. "ಸೋಮಣ್ಣ, ಅಪ್ಪಯ್ಯ ಎದ್ದಿರಾ?"

ನಾನೂ ಅಂಗಡಿ ಹಾಗೇ ಬಿಟ್ಟು ಅವರ ಹಿಂದೆ ಹೋದೆ. ಬಚ್ಚಣ್ಣ ಜಗಲಿಯಲ್ಲಿ ಕೂತಿದ್ದ, ಸ್ನಾನ ಆಗಿರಲಿಲ್ಲ. ರತ್ನಕ್ಕ ಹಂಡೆಯ ಒಲೆಗೆ ತೆಂಗಿನ ಗರಿ ತುರುಕುತ್ತಿದ್ದಳು. ಮಗಳನ್ನು ಕಂಡು ಎದ್ದಳು, ಅಳಿಯನನ್ನು ಕಂಡು ಅಲ್ಲೇ ನಿಂತಳು, ಆಮೇಲೆ ಗಂಡನ ಮುಖ ನೋಡಿದಳು. ಬಚ್ಚಣ್ಣನ ಮುಖ ಕಡಲ ಬದಿಗೆ ತಿರುಗಿತು.

"ಮಾವ" ಎಂದ ಯತೀಶ, ಅಂಗಳದ ಹೊರಗೇ ನಿಂತು. "ಗಾಡಿ ಎಣ್ಣಿ ಸೋರ್ತ್ ಇತ್ತ್. ಗ್ಯಾರೇಜಿಂದ ಇಲ್ಲಿವರೆಗೂ ಬಿದ್ದಿತ್ತ್."

"ನನ್ ಗಾಡಿಯಾ? ನಾನ್ ನಿನ್ನೆ ತ್ರಾಸಿಗ್ ಹೋದ್ದ್. ಕಾಣ್, ಅಂಗ್ಳ ಕಾಣ್. ಒಂದ್ ಹನಿ ಇತ್ತಾ?"

ಇರಲಿಲ್ಲ. ಅಂಗಳ ಕನ್ನಡಿಯ ಹಾಗಿತ್ತು.

"ಅಂಗ್ಳದಗೆ ಇಲ್ಲೆ" ಎಂದೆ ನಾನು. "ಇಲ್ಲಿಂದ ಕಿರಿಮಂಜೇಶ್ವರದವರೆಗೆ ಇತ್ತ್."

"ನೀ ಬೊಂಡ ಕೆತ್ತ್, ಹೋಗ್!"

"ಅಪ್ಪಯ್ಯ" ಎಂದಳು ನವ್ಯಾ, "ಮನೆ ಎದ್ರ್‌ವರೆಗೆ ಬಂದ್ ನೆಲ ಮೆಟ್ಟಿ ಮೇಲೆ ಒಂದ್ ಮಾತ್ ಕರೀಲಕ್ಕಿತ್ತಲೆ."

"ಯಾರ್ ಮೆಟ್ಟಿದ್ದ್?" ಬಚ್ಚಣ್ಣ ಎದ್ದು ನಿಂತ. "ನಾನ್ ಗಾಡಿಯಿಂದ ಇಳ್ದಿದ್ನಾ? ಇಳ್ದದ್ ಯಾರಾರೂ ಕಂಡಿರಾ?"

ಹೇಳಿ ಮುಗಿದ ಮೇಲೆ ತಾನು ಹೇಳಿದ್ದೇನು ಎಂದು ಅವನಿಗೆ ಗೊತ್ತಾಯಿತು. ನಗು ತಡೆಯಲು ನಾನು ಮೂಲೆಯಲ್ಲಿ ಬಿಚ್ಚಿಟ್ಟಿದ್ದ ಗೋಣಿಚೀಲದ ಪರದೆಯನ್ನು ನೋಡುತ್ತಾ ನಿಂತೆ. ಇಡೀ ಊರಿನ ಕಡಲಗಾಳಿ ತಡೆದ ಮನುಷ್ಯ.

ಯತೀಶ ನಗಲಿಲ್ಲ. ರಸ್ತೆಗೆ ಹಾಕುವ ಡಾಂಬರಿನ ಮಾತನ್ನು ಅವನು ಆಗ ಎತ್ತಿದ್ದರೆ ಬಚ್ಚಣ್ಣ ಇನ್ನೊಂದು ಶಪಥ ಮಾಡುತ್ತಿದ್ದ. ಹುಡುಗ ಜಾಣ. "ಇಳೀಲಿಲ್ಲೆ ಮಾವ, ನಾ ಹೆಜ್ಜೆ ಹುಡುಕಿ ಕಂಡೆ" ಎಂದ. "ಬಂದ್ ನಿಂತಿರಲೆ, ಕರ್ದ ಹಾಂಗೇ ಅಂದ್ಕಂಡ್ ನಾವ್ ಬಂದ್ತ್." ಕಿಸೆಯಿಂದ ಹೊಸ ವಾಶರ್ ತೆಗೆದು ಅಂಗೈಯಲ್ಲಿ ಹಿಡಿದ.

ಬಚ್ಚಣ್ಣ ವಾಶರನ್ನು ನೋಡಿದ, ಮಣೆಗಳನ್ನು ನೋಡಿದ. "ಗಾಡಿ ಒಳ್ಗ್ ತಾ" ಎಂದ. ಅಷ್ಟೇ.

ಗಾಡಿಯನ್ನು ತಳ್ಳಿಕೊಂಡು ಬಂದು ಹಲಗೆ ಹತ್ತಿಸಿದೆವು. ರಂಗೋಲಿಯ ಅರ್ಧ ಅಳಿಸಿತು. ವಾಶರ್ ಹಾಕಬೇಕಾದರೆ ಉಳಿದ ಎಣ್ಣೆ ಇಳಿಸಬೇಕು. ಯತೀಶ ಹೊಸ ಅಂಗಿಯಲ್ಲೇ ಅಡಿಗೆ ಹೋದ. ಬಚ್ಚಣ್ಣ ಬೋಗುಣಿ ಹಿಡಿದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಹೇಳಿಕೊಡಲು ಶುರು ಮಾಡಿದ. "ಒತ್ತಿ ಹಿಡಿ. ಹಾಂಗಲ್ಲ, ಮೇಲಕ್ಕ್ ಒತ್ತ್. ಗಾಳಿ ಕಂಡ್ಕ." ದಿನಾ ಇದೇ ಕೆಲಸ ಮಾಡುವವನು, "ಹೋ ಮಾವ, ಆಯ್ತ್ ಮಾವ" ಎನ್ನುತ್ತಿದ್ದ. ಬೋಲ್ಟು ಕೈಗೆ ಬಂತು. ಎಣ್ಣೆ ಬೋಗುಣಿಗೆ ತುಂಬಿತು. ಬಚ್ಚಣ್ಣ ಅದನ್ನು ಎರಡೂ ಕೈಯಲ್ಲಿ ಎತ್ತಿ, ಎದ್ದು, ಅಂಗಳದ ಅಂಚಿನತ್ತ ಹೊರಟ. ಆಗಲೇ ಯತೀಶ ಗಾಡಿಯಡಿಯಿಂದ ಕೇಳಿದ:

"ಮಾವ, ನೀವ್ ನಿನ್ನೆ ಅಷ್ಟ್ ಹೊತ್ತ್ ಎಂತ ಮಾಡ್ತಿದ್ರಿ ಅಲ್ಲಿ?"

ಬಚ್ಚಣ್ಣ ತಿರುಗಿದ. ಬಾಯಿ ತೆರೆದ. ಕೈ ಮರೆತು ಬೋಗುಣಿ ವಾಲಿತು.

ಎರಡು ಲೀಟರಿಗೆ ಕಡಿಮೆ ಇರಲಿಲ್ಲ. ಫ್ಲೆಕ್ಸ್ ದಾಟಿ, ಮರಳ ಕಟ್ಟೆ ದಾಟಿ, ರಂಗೋಲಿಯ ಉಳಿದರ್ಧ ದಾಟಿ, ನಡು ಅಂಗಳದಲ್ಲಿ ಹೊಳೆಯ ಹಾಗೆ ಹರಡಿತು. ಮೂವರೂ ರತ್ನಕ್ಕನ ಕಡೆ ನೋಡಿದೆವು. ಯತೀಶ ಗಾಡಿಯಡಿಯಿಂದ ತಲೆ ಮಾತ್ರ ಹೊರಗೆ ಹಾಕಿ ನೋಡಿದ.

ರತ್ನಕ್ಕ ಎಣ್ಣೆಯ ಅಂಚಿನಲ್ಲಿ ಸೀರೆ ಎತ್ತಿಕೊಂಡು ನಡೆದು ಬಂದು, ಮಣೆಗಳನ್ನು ತೆಗೆದು, ಒದ್ದೆಯಾಗದ ಜಾಗ ನೋಡಿ ಇಟ್ಟಳು. ಎರಡಲ್ಲ, ಒಳಗಿನಿಂದ ಇನ್ನೊಂದು ತಂದು ಮೂರಾಗಿ.

"ಕೂಕಣಿ" ಎಂದಳು. "ನೀರ್ ಕುದ್ದ್ ಹೋತ್ತ್. ಮಾವ, ಅಳಿಯ, ಹೆಣ್ಣ್, ಮೂರ್ ಜನಕ್ಕೂ ಒಟ್ಟಿಗೇ ಹಾಕ್ತೆ. ಅಂಗ್ಳಕ್ಕೆ ಆಗ್ಳೇ ಹಾಕಿ ಆಯ್ತಲೆ."

ಎಲ್ಲರೂ ತಲೆಗೆ ಎಣ್ಣೆ ಹಾಕಿಸಿಕೊಂಡು, ಮಿಂದು, ದೋಸೆ ತಿಂದಾದ ಮೇಲೆ ಗಾಡಿಯ ನೆನಪಾಯಿತು. ವಾಶರ್ ಕೂತಿದೆ, ಎಣ್ಣೆ ಇಲ್ಲ. ಅಂಗಡಿಗಳು ಮುಚ್ಚಿವೆ. ಎಣ್ಣೆ ಇರುವುದು ಗ್ಯಾರೇಜಿನಲ್ಲಿ.

"ನಾ ಹೋಯ್ ತತ್ತೆ ಮಾವ" ಎಂದ ಯತೀಶ.

"ನಿಂಗ್ ಯಾವ್ ಎಣ್ಣಿ ಅಂದ್ ಎಂತ ಗೊತ್ತಿತ್ತ್?" ಎಂದ ಬಚ್ಚಣ್ಣ. "ನಾನೂ ಬತ್ತೆ."

ಬೈಕಿನ ಹಿಂದೆ ಬಚ್ಚಣ್ಣ, ತಲೆಯಿಂದ ಇನ್ನೂ ಸೀಗೆಪುಡಿ ಉದುರುತ್ತಿತ್ತು. ನಾನು ಅಷ್ಟರಲ್ಲಿ ಅಂಗಡಿಗೆ ಮರಳಿದ್ದೆ, ಅದರೆದುರು ಬೈಕು ನಿಧಾನ ಮಾಡಿಸಿದ.

"ಎಣ್ಣಿ ತಕಂಡ್ ಬಪ್ಪೂಕೆ ಸೋಮ. ಬೇರೆಂತ ಇಲ್ಲೆ."

"ನಾ ಎಂತ ಕೇಂಡ್ನಾ?"

"ಮತ್ತೆ, ಅಂಗ್ಳ ಪೂರ್ತಿ ಗಲೀಜ್ ಮಾಡ್ದ ಇವ. 'ನೀವ್ ಎಂತ ಮಾಡ್ತಿದ್ರಿ' ಅಂಬ್ರ್! ಕೆಲ್ಸ ಮಾಡತಿಗೆ ಮಾತಾಡೂಕಾಗ ಅಂದ್ ಇವಂಗೆ ಯಾರೂ ಹೇಳಿ ಕೊಡ್ಲಿಲ್ಲೆ."

"ಹೌದ್ ಮಾವ, ನಂದೇ ತಪ್ಪ್" ಎಂದ ಯತೀಶ, ನನ್ನ ಕಡೆ ನೋಡದೆ.

ಬೈಕು ಹನಿಯ ಸಾಲಿನ ಮೇಲೇ ಬಡಗಿಗೆ ಹೋಯಿತು. ಒಂದು ಕ್ಯಾನು ಎಣ್ಣೆ ತರಲು ಹೋದವರು. ನಾನು ಸಂಜೆ ಅಂಗಡಿ ಮುಚ್ಚುವಾಗಲೂ ಬಂದಿರಲಿಲ್ಲ.